ಹೆಣದ ಮನೆಯ ಔಷಧಿ

ನಮ್ಮಪ್ಪ ಹೆಣ ಕೊಯ್ಯುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಇಲ್ಲೇ ಮುಚ್ಚಿಕೊಳ್ಳಲಿ.

ಊರಿನ ಹೆಸರು ಬೇಡ. ಅರಕಲಗೂಡಿನ ಕಡೆಯಿಂದ ಹೊಳೆನರಸೀಪುರಕ್ಕೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ, ಅಷ್ಟು ಸಾಕು. ಹೊಳೆಗೆ ಕೂಗಳತೆಯಲ್ಲಿ ಒಂದು ಸರ್ಕಾರಿ ಆಸ್ಪತ್ರೆ. ಅದರ ಹಿಂದೆ, ಹುಣಸೆಮರ ದಾಟಿದರೆ, ಹೆಂಚು ಹೊದಿಸಿದ ಒಂದು ಕೋಣೆ. ಕೋಣೆಯ ನಡುವೆ ಕಲ್ಲುಚಪ್ಪಡಿ. ಸರ್ಕಾರ ಅದಕ್ಕೇನೋ ಹೆಸರಿಟ್ಟಿತ್ತು. ನಾವು ಹೆಣದ ಮನೆ ಅನ್ನುತ್ತಿದ್ದೆವು. ಅಪ್ಪನ ಹೆಸರು ದೇವಯ್ಯ. ಊರಿನವರು ಹಾಗೆ ಕರೆಯಲಿಲ್ಲ. 'ಹೆಣದೋನು ಬಂದ, ದಾರಿ ಬಿಡಿ' ಅನ್ನುತ್ತಿದ್ದರು. ದಾರಿ ಬಿಡುತ್ತಿದ್ದದ್ದು ಮರ್ಯಾದೆಗಲ್ಲ.

ನಾನು ಅವನ ಮಗಳು, ನಂಜಮ್ಮ. ನಾಲ್ಕನೇ ಕ್ಲಾಸಿನವರೆಗೆ ಶಾಲೆಯ ಜಗಲಿಯ ಮೇಲೆ ಕೂತು ಓದಿದೆ. ಹದಿನೇಳಕ್ಕೆ ಅದೇ ಆಸ್ಪತ್ರೆಯಲ್ಲಿ ನೆಲ ತೊಳೆಯುವ ಕೆಲಸಕ್ಕೆ ಸೇರಿದೆ. ಹೆಣ ಬಂದ ದಿನ ಹೊಳೆಯಿಂದ ನೀರು ಹೊತ್ತು ಅಪ್ಪನ ಕೈಗೆ ಹುಯ್ಯುವುದೂ ನನ್ನ ಕೆಲಸವೇ ಆಗಿತ್ತು.

ಅಪ್ಪ ಹುಟ್ಟಾ ಕುಡುಕನಲ್ಲ. ನಮ್ಮ ತಾತ ಹುಚ್ಚಯ್ಯ ದೇವರ ಸೇವೆಗೆ ನಿಂತ ಗುಡ್ಡನಾಗಿದ್ದವನು, ಒಂದು ತೊಟ್ಟೂ ಮುಟ್ಟಿದವನಲ್ಲ. ಅಪ್ಪನೂ ಮುಟ್ಟಿರಲಿಲ್ಲ. ಐವತ್ತನೇ ಇಸವಿಯಲ್ಲಿ ನಾಲ್ಕು ದಿನ ನೀರಿನಲ್ಲಿದ್ದ ಒಂದು ಹೆಣ ಸಿಕ್ಕಿತು. ಕೊಯ್ಯಲು ಯಾರೂ ಬರಲಿಲ್ಲ. ಪೊಲೀಸರು ಕೇರಿಗೆ ಬಂದು, ಕೂಲಿಗೆ ಹೊರಟಿದ್ದ ಅಪ್ಪನ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಅಪ್ಪ ಒಳಗೆ ಹೋದ, ಹೊರಗೆ ಓಡಿ ಬಂದ, ಹುಣಸೆಮರದ ಬುಡದಲ್ಲಿ ಕಾರಿಕೊಂಡ. ಆಗ ಇದ್ದ ಡಾಕ್ಟರು ನಕ್ಕು, ಕಾಂಪೌಂಡರ್ ಮಂಜುನಾಥನಿಗೆ ಹೇಳಿದರು. ಮಂಜುನಾಥ ಔಷಧಿ ಇಡುವ ಬೀರುವಿನ ಬಾಗಿಲು ತೆಗೆದು ಸ್ಪಿರಿಟ್ಟಿಗೆ ನೀರು ಬೆರೆಸಿ, ಔಷಧಿ ಅಳೆಯುವ ಔನ್ಸ್ ಗ್ಲಾಸಿನಲ್ಲಿ ತಂದುಕೊಟ್ಟ.

"ಕುಡಿಯೋ, ಔಷಧಿ" ಅಂದನಂತೆ.

ಅಪ್ಪ ಕುಡಿದ. ಕುಡಿದು ಕೊಯ್ದ. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಹೆಣ ಬಂತು ಅಂದರೆ ಮೊದಲು ಗ್ಲಾಸು, ಆಮೇಲೆ ಕತ್ತಿ. ಹದಿಮೂರು ವರ್ಷದಲ್ಲಿ ಐದು ಜನ ಡಾಕ್ಟರು ಬದಲಾದರು. ಗ್ಲಾಸು ಬದಲಾಗಲಿಲ್ಲ.

ಕೆಲಸ ಎಂಥದೆಂದು ಹೇಳುತ್ತೇನೆ. ಉಳಿ, ಸುತ್ತಿಗೆಯಿಂದ ಬುರುಡೆ ಒಡೆಯಬೇಕು. ಎದೆಗೂಡು ಬಿಡಿಸಬೇಕು. ಕರುಳು ತೆಗೆದು ಬೇಸಿನ್ನಿಗೆ ಹಾಕಬೇಕು. ಎಲ್ಲ ಮುಗಿದ ಮೇಲೆ ದಬ್ಬಳ, ಹುರಿ ತೆಗೆದುಕೊಂಡು ಗೋಣಿಚೀಲದ ಹಾಗೆ ಹೊಲಿಯಬೇಕು. ಡಾಕ್ಟರು ಬಾಗಿಲಲ್ಲಿ ಮೂಗಿಗೆ ಕರ್ಚೀಫು ಹಿಡಿದು ನಿಂತಿರುತ್ತಿದ್ದರು. 'ಈಲಿ ಬಣ್ಣ ಏನೋ? ಹೊಟ್ಟೇಲಿ ಏನಿದೆಯೋ?' ಎಂದು ಕೇಳುವರು. ಅಪ್ಪ ಹೇಳುವನು. ಅವರು ಬರೆದುಕೊಳ್ಳುವರು. ವರದಿಯಲ್ಲಿ ಮಾತ್ರ 'ನಾನು ಕೊಯ್ದು ಪರೀಕ್ಷಿಸಿದೆ' ಎಂದಿರುತ್ತಿತ್ತು.

ಮನೆಗೆ ಬಂದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಸೀಗೇಕಾಯಿ, ಬೂದಿ, ಹುಣಸೆಹಣ್ಣು, ಯಾವುದರಿಂದ ಉಜ್ಜಿದರೂ ಕೈ ಮೂಸಿ ನೋಡಿಕೊಂಡು ಮುದ್ದೆ ಬಿಟ್ಟು ಏಳುತ್ತಿದ್ದ. ಇನ್ನೊಂದು ಗ್ಲಾಸು ಕುಡಿದರೆ ಊಟ ಸೇರುತ್ತದೆ ಎಂದು ಅವನಿಗೆ ತಿಳಿಯಿತು. ನಿದ್ದೆಗೂ ಒಂದು ಬೇಕಾಯಿತು. ವರ್ಷ ಕಳೆಯುವುದರೊಳಗೆ ಬೆಳಿಗ್ಗೆ ಏಳುವುದಕ್ಕೂ ಬೇಕಾಯಿತು. ಮಂಜುನಾಥ ದಿನಾ ಸಂಜೆ ಆಸ್ಪತ್ರೆಯ ಹಿತ್ತಿಲಲ್ಲಿ ಒಂದು ಸೀಸೆ ಕೊಡುತ್ತಿದ್ದ. ಅದಕ್ಕೆ ಬದಲು ಅಪ್ಪ ಅವನ ಮನೆಯ ಸೌದೆ ಒಡೆಯಬೇಕು, ಕಕ್ಕಸು ಬಳಿಯಬೇಕು. ಹತ್ತು ವರ್ಷ ಒಡೆದ, ಹತ್ತು ವರ್ಷ ಬಳಿದ.

ಆಗ ನಮ್ಮ ಸೀಮೆಯಲ್ಲಿ ಪಾನನಿರೋಧ. ಕೇರಿಯಲ್ಲಿ ಒಂದು ಮಡಕೆ ಹೆಂಡ ಸಿಕ್ಕಿದರೆ ಪೊಲೀಸರು ಮಡಕೆ ಒಡೆದು, ಮನುಷ್ಯನನ್ನು ಒದ್ದು ಎಳೆದುಕೊಂಡು ಹೋಗುತ್ತಿದ್ದರು. ಅದೇ ಊರಿನ ವಕೀಲ ಚಲುವನಾರಾಯಣ ಅವರಿಗೆ ಪರ್ಮಿಟ್ಟು ಇತ್ತು. ಎದೆಗೆ ಬಲ ಬರಲೆಂದು ದಿನಕ್ಕೆ ಎರಡು ಔನ್ಸು ಬ್ರಾಂದಿ. ಹಾಗೆಂದು ಬರೆದುಕೊಟ್ಟಿದ್ದವರು ನಮ್ಮ ಆಸ್ಪತ್ರೆಯ ಐದನೇ ಡಾಕ್ಟರು, ವೆಂಕಟರಾಮಯ್ಯನವರು. ವಕೀಲರು ಕುಡಿದರೆ ಆರೋಗ್ಯ, ನಾವು ಕುಡಿದರೆ ಅಪರಾಧ, ಹೆಣದ ಮನೆಯಲ್ಲಿ ಕುಡಿದರೆ ಸರ್ಕಾರಿ ಕೆಲಸ. ನನಗೆ ಈ ಲೆಕ್ಕ ಇವತ್ತಿಗೂ ಹತ್ತುವುದಿಲ್ಲ.

ಅರವತ್ತಮೂರರಲ್ಲಿ ಹಾಸನದಿಂದ ಒಂದು ಕಾಗದ ಬಂತು. ಹತ್ತು ವರ್ಷ ದಾಟಿದ ದಿನಗೂಲಿಯವರನ್ನು ಖಾಯಂ ಮಾಡಬೇಕು, ಡಾಕ್ಟರ ಪರೀಕ್ಷೆ ಪಾಸಾಗಬೇಕು. ಖಾಯಂ ಅಂದರೆ ತಿಂಗಳ ಸಂಬಳ, ಮುದಿವಯಸ್ಸಿಗೆ ಪಿಂಚಣಿ. ನಮ್ಮ ಕೇರಿಯಲ್ಲಿ ಅಂಥ ಒಬ್ಬನೂ ಇರಲಿಲ್ಲ. ಅವ್ವ ಮಾರಮ್ಮ ಆ ದಿನ ಬಾಗಿಲಿಗೆ ಸಗಣಿ ಸಾರಿಸಿದಳು.

ಮಂಜುನಾಥ ಅಪ್ಪನನ್ನು ಕರೆದು, "ಕುಡುಕ್ರಿಗೆ ಸರ್ಟಿಫಿಕೇಟ್ ಕೊಡಲ್ಲ ಕಣೋ, ನೋಡ್ಕೋ" ಅಂದ. ದಿನಾ ಸೀಸೆ ಕೊಡುತ್ತಿದ್ದವನೇ ಅಂದ.

ಅಪ್ಪ ತಪ್ಪು ಮಾಡಿದ್ದು ಅಲ್ಲಿ. ಕುಡಿತ ಬಿಟ್ಟುಬಿಟ್ಟರೆ ಪಾಸಾಗುತ್ತೇನೆ ಎಂದುಕೊಂಡ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಒಂದೇ ಏಟಿಗೆ ಬಿಟ್ಟ. ಹಾಗೆ ಬಿಟ್ಟರೆ ಮೈ ಏನು ಮಾಡುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಬಾಗಿಲಲ್ಲಿ ಕರ್ಚೀಫು ಹಿಡಿದು ನಿಂತಿದ್ದರು.

ಮೊದಲ ದಿನ ಬೆವರಿದ. ಎರಡನೇ ದಿನ ಕೈ ನಡುಗಿ ಲೋಟ ಹಿಡಿಯಲಾಗದೆ ಅವ್ವ ನೀರು ಕುಡಿಸಿದಳು. ಮೂರನೇ ದಿನ ಮಟಮಟ ಮಧ್ಯಾಹ್ನ ಎದ್ದು ಕೂತು ಮೈಯೆಲ್ಲ ಕೊಡವತೊಡಗಿದ.

"ಇರುವೆ ಕಣೇ ಮಾರಿ, ಕೆಂಪಿರುವೆ! ತೆಗಿಯೇ, ಕಣ್ಣೊಳಿಕ್ಕೆ ಓಯ್ತವೆ!"

ಒಂದು ಇರುವೆಯೂ ಇರಲಿಲ್ಲ. ಅವ್ವ ಪಕ್ಕದಲ್ಲಿ ಕೂತು ಅವನ ತೋಳಿನಿಂದ ಒಂದೊಂದನ್ನೇ ಹೆಕ್ಕುವವಳ ಹಾಗೆ ಹೆಕ್ಕಿ ಹೊರಗೆ ಎಸೆಯುತ್ತಿದ್ದಳು. "ತೆಗುದ್ನಲ್ಲ, ಇದೂ ಓಯ್ತು, ಇದೂ ಓಯ್ತು" ಅನ್ನುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿ, "ಓಗವ್ವ ನಂಜಿ, ಆ ಕಾಂಪೌಂಡ್ರ ಕೈಲಿ ಒಂದ್ ಗುಟುಕು ಇಸ್ಕೊಂಡು ಬಾ. ಸತ್ತೋಯ್ತಾನೆ ಕಣೇ" ಅಂದಳು.

ನಾನು ಓಡಿಹೋಗಿ ತಂದೆ. ಅಪ್ಪ ವಾಸನೆ ಹಿಡಿದು ಹಲ್ಲು ಕಚ್ಚಿಕೊಂಡ. ಮುಖವನ್ನು ಗೋಡೆಗೆ ತಿರುಗಿಸಿಕೊಂಡು, "ನಾಳಿಕ್ಕೆ ಪರೀಕ್ಸೆ ಅದೆ. ಚೆಲ್ಲು" ಅಂದ. ನಾನು ಚೆಲ್ಲಿದೆ.

ನಾಲ್ಕನೇ ದಿನ ಅಪ್ಪನನ್ನು ತೋಳು ಹಿಡಿದು ಕರೆದುಕೊಂಡು ಹೋದೆ. ಡಾಕ್ಟರು ವೆಂಕಟರಾಮಯ್ಯ ಮೇಜಿನ ಹಿಂದೆ ಕೂತಿದ್ದರು. ಅಪ್ಪ ಹೊಸ್ತಿಲಾಚೆ ನಿಂತ. ಪರೀಕ್ಷೆ ಅಲ್ಲಿಂದಲೇ ನಡೆಯಿತು. ನಾಡಿ ಹಿಡಿಯಲಿಲ್ಲ, ಎದೆಗೆ ಕೊಳವೆ ಇಡಲಿಲ್ಲ. ಬರಿ ಪ್ರಶ್ನೆ.

"ಎಷ್ಟು ವರ್ಷದಿಂದ ಕುಡೀತಿದೀಯೋ?"

"ಐವತ್ತನೇ ಇಸ್ವಿಯಿಂದ ಬುದ್ಧಿ. ನಾಕ್ ದಿನ ನೀರಲ್ಲಿದ್ದ ಎಣ ಬಂದಿತ್ತಲ್ಲ, ಅವತ್ತಿಂದ."

"ಹೆಣದ ವಿಚಾರ ಕೇಳಲಿಲ್ಲ. ದಿನಾ ಕುಡೀತೀಯಾ?"

"ನಾಕ್ ದಿನದಿಂದ ಇಲ್ಲ."

"ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನಿಸುತ್ತೋ?"

"ಅನ್ನುಸ್ತದೆ ಬುದ್ಧಿ. ಸುಳ್ಯಾಕೆ ಯೋಳ್ಲಿ."

"ಕುಡೀದಿದ್ದರೆ ಏನಾಗುತ್ತೆ?"

ಅಪ್ಪ ಎರಡು ಕೈಯನ್ನೂ ಮುಂದೆ ಚಾಚಿದ. ಬೆರಳು ಅದುರುತ್ತಿದ್ದವು. "ಇಂಗಾಯ್ತದೆ" ಅಂದ.

ಡಾಕ್ಟರು ಮಂಜುನಾಥನ ಕಡೆ ನೋಡಿ ನಕ್ಕರು. "ನೋಡಯ್ಯ, ಪರೀಕ್ಷೆಗೂ ಕುಡಿದೇ ಬಂದಿದಾನೆ."

"ಕುಡುದಿದ್ರೆ ನಡುಗ್ತಿರ್ನಿಲ್ಲ ಬುದ್ಧಿ. ಕುಡುದ್ರೆ ಕೈ ನಿಂತ್ಕತದೆ. ನಿಮ್ಗೆ ತಿಳೀದಾ?"

ತಿಳಿದಿತ್ತು. ಅವರು ಮೈಸೂರಿನಲ್ಲಿ ಓದಿದ ಡಾಕ್ಟರು. ಕುಡಿದು ಬಂದಿದ್ದರೆ ಅಪ್ಪನ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು, ಪಾಸಾಗುತ್ತಿದ್ದ. ಕುಡಿಯದೆ ಬಂದಿದ್ದಕ್ಕೆ ಕುಡುಕನಾದ. ಡಾಕ್ಟರಿಗೆ ಅದು ಗೊತ್ತಿದ್ದೂ ಲೇಖನಿ ತೆಗೆದುಕೊಂಡರು ಎಂಬುದನ್ನು ನಾನು ಕ್ಷಮಿಸುವುದಿಲ್ಲ. ಯಾರು ಕುಡಿಸಿದರು ಎಂದು ಕೇಳಲಿಲ್ಲ. ಯಾಕೆ ಕುಡಿದೆ ಎಂದು ಕೇಳಲಿಲ್ಲ. ಬಿಟ್ಟ ನಾಲ್ಕು ದಿನ ಹೇಗಿದ್ದೆ, ಊಟ ಮಾಡಿದೆಯಾ, ಬದುಕಿದ್ದೀಯಾ ಎಂದು ಕೇಳಲಿಲ್ಲ. ಒಬ್ಬ ಮನುಷ್ಯನ ರೋಗ ಅಳೆಯಲು ಕೂತವರು ಕೇಳಬೇಕಾದ ಮಾತುಗಳು ಅವೇ ಎಂದು ನಾಲ್ಕನೇ ಕ್ಲಾಸಿನ ನನಗೆ ಹೊಳೆಯಿತು.

ಬರೆಯುತ್ತಾ ಬರೆಯುತ್ತಾ ಡಾಕ್ಟರು ತಮ್ಮಷ್ಟಕ್ಕೇ ಹೇಳಿಕೊಂಡರು: "ಕಾರಣ... ಇನ್ನೇನು ಕಾರಣ. ನಿಮ್ಮ ಜನಕ್ಕೆ ಇದು ಹುಟ್ಟಿನಿಂದಲೇ ಬರುತ್ತೆ."

"ನಮ್ಮಪ್ಪ ಉಚ್ಚಯ್ಯ ಮೂಸ್ದೋನೂ ಅಲ್ಲ ಬುದ್ಧಿ. ನಂಗೆ ಉಟ್ನಿಂದ ಬರ್ನಿಲ್ಲ. ಈ ಬೀರಿನಿಂದ ಬಂತು" ಎಂದು ಅಪ್ಪ ಗೋಡೆ ಪಕ್ಕದ ಔಷಧಿ ಬೀರು ತೋರಿಸಿದ.

ಡಾಕ್ಟರ ಮುಖ ಕೆಂಪಾಯಿತು. ಕಾಗದ ತಿರುಗಿಸಿ ಹೊಸ್ತಿಲ ಕಡೆ ತಳ್ಳಿದರು. "ಹೆಬ್ಬೆಟ್ಟು ಒತ್ತು."

"ಏನ್ ಬರ್ದದೆ ಅದ್ರಲ್ಲಿ?" ಎಂದು ನಾನು ಕೇಳಿದೆ. ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಮಂಜುನಾಥ ಖುಷಿಯಿಂದಲೇ ಕನ್ನಡ ಮಾಡಿ ಓದಿದ. ಜಾತಿಯಿಂದ ಬಂದ ಕುಡಿತದ ಚಟ. ಮನಸ್ಸು ಸ್ಥಿಮಿತದಲ್ಲಿಲ್ಲ. ಮಾತು ನಂಬಲು ತಕ್ಕದ್ದಲ್ಲ. ಮೇಲಿನದನ್ನು ಒಪ್ಪಿದ್ದೇನೆ. ಖಾಯಂ ಕೆಲಸಕ್ಕೆ ಯೋಗ್ಯನಲ್ಲ. ದಿನಗೂಲಿಯ ಮೇಲೆ ಮುಂದುವರಿಸಬಹುದು.

ಕೊನೆಯ ಸಾಲನ್ನು ನಾನು ಮತ್ತೊಮ್ಮೆ ಓದಿಸಿದೆ. ಪಿಂಚಣಿಗೆ ಮನುಷ್ಯ ಕೆಟ್ಟಿದ್ದಾನೆ, ಬುರುಡೆ ಒಡೆಯಲು ಚೆನ್ನಾಗಿದ್ದಾನೆ.

ಅಪ್ಪ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡ. "ಒತ್ತಾಕಿಲ್ಲ."

"ಏನಂದೆ?"

"ಒತ್ತಾಕಿಲ್ಲ ಅಂದೆ. ಕುಡುದಿದ್ದು ದಿಟ. ಮಿಕ್ಕಿದ್ದು ಸುಳ್ಳು."

"ಡ್ರಾಯರ್‌ನಲ್ಲೇ ಇರುತ್ತೆ ಬಿಡು" ಅಂದರು ಡಾಕ್ಟರು. "ಹೊಟ್ಟೆ ಹಸಿದಾಗ ಬಂದು ಒತ್ತುತ್ತೀಯ."

ಅಪ್ಪ ಮತ್ತೆ ಕುಡಿಯುತ್ತಾನೆ ಎಂದು ಅವ್ವ ಹೆದರಿದಳು. ಕುಡಿಯಲಿಲ್ಲ. ಸಿಟ್ಟೋ ಹಟವೋ, ಐದನೇ ದಿನ ಗಂಜಿ ಕುಡಿದ. ಆರನೇ ದಿನ ಮುದ್ದೆ ಮುರಿದ. ನಡುಕ ಅಷ್ಟಿಷ್ಟು ಇಳಿಯಿತು.

ಏಳನೇ ದಿನ ಬೆಳಿಗ್ಗೆ ಹೆಣ ಬಂತು.

ವಕೀಲ ಚಲುವನಾರಾಯಣ ಅವರ ಸೊಸೆ. ಸರಸ ಅಂತ ಹೆಸರು, ಇಪ್ಪತ್ತೊಂದು ವಯಸ್ಸು. ಬಟ್ಟೆ ಒಗೆಯಲು ಹೋಗಿ ಹೊಳೆಗೆ ಬಿದ್ದಳು ಎಂದು ಬರೆಸಿದ್ದರು. ಆ ಮನೆಯ ಬಟ್ಟೆ ಒಗೆಯಲು ಇಬ್ಬರು ಆಳುಗಳಿದ್ದರು. ಹುಡುಗಿಯ ತಾಯಿ ಕಾವೇರಮ್ಮ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದು ಇಳಿದಿದ್ದರು. ತಲೆ ತುಂಬ ಸೆರಗು ಹೊದ್ದ ವಿಧವೆ. ಹುಣಸೆಮರದ ಕೆಳಗೆ ಒಬ್ಬರೇ ಕೂತಿದ್ದರು. ದಫೇದಾರ ಪಾಪಯ್ಯ, ವಕೀಲರ ಜೊತೆ ಆಚೆ ನಿಂತು ನಗುನಗುತ್ತಾ ಮಾತಾಡುತ್ತಿದ್ದ.

ಮಂಜುನಾಥ ಗ್ಲಾಸು ತಂದ. ಆ ದಿನ ಅಂಚಿನವರೆಗೆ ತುಂಬಿತ್ತು. "ಆಮೇಲೆ ಇನ್ನೊಂದು ಇದೆ" ಅಂದ.

"ಅಲ್ಲಿಡು" ಅಂದ ಅಪ್ಪ. ಕಿಟಕಿಯ ಮೇಲೆ ಇಡಿಸಿ, ಕುಡಿಯದೆ ಒಳಗೆ ಹೋದ. ನಾನು ನೀರಿನ ಕೊಡ ಹೊತ್ತು ಹಿಂದೆ ಹೋದೆ. ಡಾಕ್ಟರು ಎಂದಿನಂತೆ ಬಾಗಿಲಲ್ಲಿ ನಿಂತರು. ಅವರ ಕೈಯಲ್ಲಿದ್ದ ವರದಿಯ ಕಾಗದ ಆಗಲೇ ಅರ್ಧ ತುಂಬಿತ್ತು.

ಅಪ್ಪ ಕತ್ತಿ ತೆಗೆದುಕೊಳ್ಳಲಿಲ್ಲ. ಚಪ್ಪಡಿಯ ಮುಂದೆ ನಿಂತು ಆ ಹುಡುಗಿಯ ಮುಖ ನೋಡಿದ. ನೋಡುತ್ತಲೇ ಇದ್ದ. ಹದಿಮೂರು ವರ್ಷ ಹೆಣ ಕೊಯ್ದವನು ಒಂದು ಹೆಣದ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಗ್ಲಾಸು ಇಳಿದ ಮೇಲೆ ಮುಖಗಳು ಇರುತ್ತಿರಲಿಲ್ಲ, ಬರಿ ಕೆಲಸ ಇರುತ್ತಿತ್ತು.

"ಮೊಗ, ಆ ಸೆರಗು ವಸಿ ಸರ್ಸು" ಅಂದ. ಸರಿಸಿದೆ. ಕತ್ತಿನ ಸುತ್ತ ಹಗ್ಗ ಬಿಗಿದ ಕಪ್ಪು ಗೆರೆ ಇತ್ತು.

"ಬುದ್ಧಿ, ಕತ್ತು ನೋಡ್ಬನ್ನಿ."

"ನೀನು ಕುಯ್ಯೋ."

"ನೀರಿಗ್ ಬಿದ್ದೋರ್ ಬಾಯಲ್ಲಿ ನೊರೆ ಬತ್ತದೆ. ಉಗ್ರಲ್ಲಿ ಮಣ್ಣಿರ್ತದೆ. ಈವಮ್ಮನ್ ಉಗ್ರು ತೊಳ್ದಂಗವೆ. ಇದು ಬಿದ್ ಎಣ ಅಲ್ಲ. ಆಕಿದ್ ಎಣ."

ಡಾಕ್ಟರು ಕರ್ಚೀಫು ತೆಗೆದರು. ಕಿಟಕಿಯ ಮೇಲಿದ್ದ ತುಂಬಿದ ಗ್ಲಾಸು ನೋಡಿದರು. ತಿರುಗಿ ಸರಸರ ನಡೆದು ತಮ್ಮ ಕೋಣೆಗೆ ಹೋಗಿ, ಡ್ರಾಯರಿನಲ್ಲಿದ್ದ ಕಾಗದ ಹಿಡಿದು ಬಂದರು. ಹದಿಮೂರು ವರ್ಷದಲ್ಲಿ ಹೆಣದ ಮನೆಯ ಹೊಸ್ತಿಲು ದಾಟಿದ ಮೊದಲ ಡಾಕ್ಟರು ಅವರೇ. ಅಪ್ಪನ ಹತ್ತಿರಕ್ಕೆ ಬಂದು ದನಿ ತಗ್ಗಿಸಿದರು.

"ದೇವಯ್ಯ, ಇಲ್ನೋಡು. ಇದನ್ನ ಹರಿದು ಹಾಕ್ತೀನಿ. ಯೋಗ್ಯ ಅಂತ ಬೇರೆ ಬರೀತೀನಿ, ಇವತ್ತೇ. ಖಾಯಂ ಆಗುತ್ತೆ. ಮಗಳ ಮದುವೆ ಮಾಡಬಹುದು. ಆ ಗ್ಲಾಸು ಕುಡಿ, ಕೆಲಸ ಮುಗಿಸು, ಮನೆಗೆ ಹೋಗು."

ಅಪ್ಪ ಗ್ಲಾಸು ನೋಡಿದ. ನಾನು ಸುಳ್ಳು ಬರೆಯುವುದಿಲ್ಲ. ಕೈ ಅದರ ಕಡೆ ಹೋಯಿತು. ಗ್ಲಾಸು ಎತ್ತಿಕೊಂಡ. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅದು ಡಾಕ್ಟರ ಮುಖದ ಮುಂದಿತ್ತು.

"ಅದ್ಮೂರು ವರ್ಸ ಏನೇನ್ ಕಾಣ್ದಂಗೆ ಕುಡುಸ್ದ್ರಿ ಡಾಕ್ಟ್ರೇ?" ಅಂದ ಅಪ್ಪ. ಬುದ್ಧಿ ಅನ್ನಲಿಲ್ಲ. "ಇಂಥ ಕತ್ತು ಎಷ್ಟ್ ಕುಯ್ದೆ ನಾನು? ಎಷ್ಟು ಎಣ್ಮಕ್ಳ ಕೊಲೆ ನನ್ ಕೈಲಿ ಒಲ್ಸಿ ಮುಚ್ಚುಸ್ಬುಟ್ರಿ? ಯೋಳಿ!"

ಗ್ಲಾಸನ್ನು ನೆಲಕ್ಕೆ ಹೊಡೆದ. ಹೊರಗೆ ನಡೆದ.

ಹುಣಸೆಮರದಿಂದ ನಾಲ್ಕು ಮಾರು ಈಚೆ ನಿಂತ. ಕಾವೇರಮ್ಮ ತಲೆಯೆತ್ತಿದರು. ಅವನು ಯಾರೆಂದು ತಿಳಿದು ಸೆರಗಿನ ಅಂಚು ಒಳಗೆ ಎಳೆದುಕೊಂಡರು. ಅಪ್ಪ ಅದನ್ನು ನೋಡಿದ. ನೋಡಿಯೂ ಹೇಳಿದ.

"ಅವ್ವಾರೇ, ನಿಮ್ ಮಗ್ಳು ಹೊಳೇಲಿ ಸತ್ತಿಲ್ಲ. ಕತ್ತಿಗೆ ಅಗ್ಗ ಬಿಗುದವ್ರೆ. ನಾನ್ ಕಂಡೆ."

ವಕೀಲರು ಕೂಗಿದರು. "ಕುಡುಕ ನನ್ಮಗನ ಮಾತು ಕೇಳ್ತೀರೇನ್ರೀ? ದಫೇದಾರ್, ಎಳ್ಕೊಂಡು ಹೋಗಿ ಒಳಗೆ ಹಾಕಿ ಇವನನ್ನ!"

ಡಾಕ್ಟರು ಓಡಿಬಂದು ಕಾಗದ ಎತ್ತಿ ಹಿಡಿದರು. "ಇವನು ಹಳೇ ಕುಡುಕ. ಮಾತು ನಂಬೋ ಹಾಗಿಲ್ಲ ಅಂತ ನಾನೇ ಪರೀಕ್ಷೆ ಮಾಡಿ ಬರೆದಿದ್ದೀನಿ. ಮೂರು ದಿನ ಆಯ್ತು ಬರೆದು."

ಆಗ ನನಗೆ ಆ ಕಾಗದ ಅರ್ಥವಾಯಿತು. ಕೆಲಸ ತಪ್ಪಿಸಲು ಮಾತ್ರ ಅಲ್ಲ ಅದು. ಹೆಣದ ಮನೆಯೊಳಗೆ ಕಣ್ಣಿದ್ದವನು ಒಬ್ಬನೇ. ಅವನ ಬಾಯನ್ನು ಮೊದಲು ಸ್ಪಿರಿಟ್ಟಿನಿಂದ ಮುಚ್ಚಿದರು, ಸಾಲದೆ ಹೋದಾಗ ಕಾಗದದಿಂದ ಮುಚ್ಚಲು ಬಂದರು. ದಫೇದಾರ ಲಾಠಿ ಎತ್ತಿಕೊಂಡು ಅಪ್ಪನ ಕತ್ತಿನ ಪಟ್ಟಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದು ಕಚ್ಚಿದೆ. ಅವನು ಒದ್ದ, ಬಿದ್ದೆ.

"ಬಿಡಿ ಅವನನ್ನ" ಅಂದರು ಕಾವೇರಮ್ಮ. ಎದ್ದು ನಿಂತಿದ್ದರು. "ಕುಡಿದಿದ್ದೀಯೇನಪ್ಪ?"

"ಇಲ್ಲ ಕಣವ್ವ. ಇವತ್ಗೆ ಏಳ್ ದಿನ."

"ಹತ್ತಿರ ಬಾ."

ಅಪ್ಪ ಕದಲಲಿಲ್ಲ. ಅಂಥವರ ಹತ್ತಿರ ಹೋದದ್ದಕ್ಕೆ ಬೆನ್ನ ಮೇಲೆ ಬಾಸುಂಡೆ ಎದ್ದದ್ದು ಅವನಿಗೆ ನೆನಪಿತ್ತು. ಆಕೆಯೇ ಬಂದರು. ನಾಲ್ಕು ಮಾರು ನಡೆದು, ತಲೆಯ ಸೆರಗು ಜಾರಿದ್ದನ್ನೂ ನೋಡದೆ, ತಮ್ಮ ಮುಖವನ್ನು ನಮ್ಮಪ್ಪನ ಬಾಯಿಯ ಹತ್ತಿರ ತಂದರು. "ಉಸಿರು ಬಿಡು" ಅಂದರು. ಅಪ್ಪ ಬಿಟ್ಟ. ಆಕೆ ಮೂಸಿ ನೋಡಿದರು.

ಇದನ್ನು ದೊಡ್ಡದು ಮಾಡಿ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಆಕೆ ಬಂದದ್ದು ತನ್ನ ಮಗಳಿಗಾಗಿ, ನಮಗಾಗಿ ಅಲ್ಲ. ಮಗಳು ಬದುಕಿದ್ದರೆ ನಮ್ಮ ನೆರಳಿಗೂ ನೀರು ಚಿಮುಕಿಸುತ್ತಿದ್ದರು. ಆದರೆ ಹದಿಮೂರು ವರ್ಷದಲ್ಲಿ ಅಪ್ಪನನ್ನು ಸರಿಯಾಗಿ ಪರೀಕ್ಷೆ ಮಾಡಿದವರು ಆ ಹೆಂಗಸೊಬ್ಬರೇ.

"ವಾಸನೆ ಇಲ್ಲ" ಅಂದರು ಕಾವೇರಮ್ಮ, ಎಲ್ಲರಿಗೂ ಕೇಳುವ ಹಾಗೆ. ಡಾಕ್ಟರ ಕಡೆ ತಿರುಗಿದರು. "ಒಳಗೆ ನಡೀರಿ. ಕತ್ತಿ ನೀವು ಹಿಡೀರಿ. ಇವನು ತೋರಿಸ್ತಾನೆ. ನಾನು ನೋಡ್ತೀನಿ. ಹಾಸನಕ್ಕೆ ಹೋಗಿ ದೊಡ್ಡ ಸಾಹೇಬರಿಗೆ ನಾನೇ ಹೇಳ್ತೀನಿ."

ಡಾಕ್ಟರು ವಕೀಲರ ಮುಖ ನೋಡಿದರು. ವಕೀಲರು ನೆಲ ನೋಡಿದರು. ಖಾಯಂ ಕೆಲಸದ ಆಸೆ ಅಲ್ಲಿಗೆ ಮುಗಿಯಿತೆಂದು ನನಗೂ ಗೊತ್ತಾಯಿತು, ಅಪ್ಪನಿಗೂ ಗೊತ್ತಾಯಿತು.

ಅಪ್ಪ ಅಂಗಿಯ ಪಟ್ಟಿ ಸರಿಮಾಡಿಕೊಂಡ. ಹೆಣದ ಮನೆಯ ಬಾಗಿಲನ್ನು ಪೂರ್ತಿ ತೆಗೆದು ಪಕ್ಕಕ್ಕೆ ನಿಂತ.

"ಬನ್ನಿ ಡಾಕ್ಟ್ರೇ" ಅಂದ. "ಮೊದ್ಲು ಮೊಕ ನೋಡಿ."